ಕವಿತೆ ಬರೆಯೋಕೆ ಯಾವ ನಿಘಂಟು ಕೊಳ್ಳಲಿ?

"ಕವಿತೆ ಬರೆಯುವ ಆಸೆ ಇದೆ, ಆದರೆ ದೊಡ್ಡ ದೊಡ್ಡ ಪದಗಳು ಗೊತ್ತಿಲ್ಲ. ಯಾವ ನಿಘಂಟು ಕೊಳ್ಳಲಿ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ನಿಘಂಟು ಕೊಳ್ಳಿ, ಮನೆಯಲ್ಲಿರಲಿ. ಕವಿತೆಗೆ ಅದು ಬೇಕಾಗಿಲ್ಲ.

ಚಂದ್ರನನ್ನು ಶಶಿ ಅಂದುಬಿಟ್ಟರೆ, ಕಣ್ಣನ್ನು ನಯನ ಅಂದುಬಿಟ್ಟರೆ ಕವಿತೆ ಆಯಿತು ಅನ್ನೋ ನಂಬಿಕೆ ಬೇರು ಬಿಟ್ಟು ಕೂತಿದೆ. ಪದ್ಯ ಅಂದರೆ ಪದಗಳ ಅರ್ಥ ಬರೆದುಕೊಳ್ಳೋದು ಅಂತ ಶಾಲೆಯಲ್ಲಿ ಕಲಿತೆವಲ್ಲ, ಅದರಿಂದಲೇ ಇರಬೇಕು. ಬಸವಣ್ಣನವರ ಸಾಲು ನಿಮಗೆ ಬಾಯಿಗೆ ಬರುತ್ತದೆ ಅಲ್ವಾ? "ಎನ್ನ ಕಾಲೇ ಕಂಬ, ದೇಹವೇ ದೇಗುಲ." 12ನೇ ಶತಮಾನದ ಮಾತು, ಇವತ್ತಿಗೂ ಯಾರನ್ನೂ ಅರ್ಥ ಕೇಳಬೇಕಿಲ್ಲ. ಈಗ ಅದನ್ನೇ "ನನ್ನ ಚರಣವೇ ಸ್ತಂಭ, ಶರೀರವೇ ಮಂದಿರ" ಅಂತ ಮಾಡಿ. ಅರ್ಥ ಅದೇ ಇದೆ. ಸಾಲು ಸತ್ತಿದೆ. ಕಾಲು, ಕಂಬ ಎರಡೂ ಕಕಾರದಿಂದ ಹೊರಡುತ್ತವೆ, ಹೇಳುತ್ತಿದ್ದ ಹಾಗೇ ಒಂದು ಇನ್ನೊಂದಾಗಿ ನಿಂತುಬಿಡುತ್ತದೆ. ಚರಣ ಎಷ್ಟು ತಳ್ಳಿದರೂ ಸ್ತಂಭ ಆಗುವುದಿಲ್ಲ.

ಹಾಗಾದರೆ ಸಂಸ್ಕೃತ ತೆಗೆದು ಅಚ್ಚಗನ್ನಡ ಹಾಕಿದರೆ ಸಾಕಲ್ಲ ಅಂತ ಇನ್ನು ಕೆಲವರು. ಅದೂ ಸಾಲದು. ದೇಹ ಸಂಸ್ಕೃತದ ಪದ. ಅದರ ಜಾಗದಲ್ಲಿ ಮೈ ಇಟ್ಟು ನೋಡಿ, "ಮೈಯೇ ದೇಗುಲ". ದೇಹಕ್ಕೂ ದೇಗುಲಕ್ಕೂ ಇದ್ದ ಕೊಂಡಿ ಕಳಚಿತು. ಅದೇ ವಚನದ ಕೊನೆಯ ಸಾಲನ್ನೇ ನೋಡಿ: "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ." ಎರಡೂ ಭಾರದ ಪದಗಳೇ. ಆದರೆ ಅಷ್ಟು ಹೊತ್ತಿಗೆ ನಾವು ಕಾಲು, ಕಂಬ, ದೇಗುಲ ಎಲ್ಲ ದಾಟಿ ಬಂದಿರುತ್ತೇವೆ. ನಿಂತ ಗುಡಿ ಸ್ಥಾವರ, ನಡೆಯೋ ಮೈ ಜಂಗಮ. ಅರ್ಥವನ್ನು ಮೇಲಿನ ಸಾಲುಗಳೇ ಹೇಳಿಕೊಟ್ಟಿವೆ. ಕವಿ ಪದ ಆರಿಸುವುದು ಹೀಗೆ, ಅಕ್ಕಪಕ್ಕದ ಪದಗಳನ್ನು ಕೇಳಿಸಿಕೊಂಡು.

ನೀವು ಕೇಳಲಿಲ್ಲ, ಆದರೂ ಪ್ರಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಾಸ ಅಂದರೆ ಸಾಲಿನ ಕೊನೆ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ನಮ್ಮ ಹಳೆಯ ಪದ್ಯಗಳಲ್ಲಿ ಅದು ಕೂರುತ್ತಿದ್ದದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಈ ಜನಪದ ತ್ರಿಪದಿ ಹೇಳಿಕೊಳ್ಳಿ:

ಯಾಕಳುವೆ ಎಲೆ ರಂಗ ಬೇಕಾದ್ದು ನಿನಗೀವೆ
ನಾಕೆಮ್ಮೆ ಕರೆದ ನೊರೆಹಾಲು ಸಕ್ಕರೆ
ನೀ ಕೇಳಿದಾಗ ಕೊಡುವೇನು

ಯಾಕ, ನಾಕೆ, ನೀಕೇ, ಮೂರರಲ್ಲೂ ಎರಡನೆಯದು ಕಕಾರ. ಮೊದಲ ಸಾಲಿನ ನಡುವೆ ಬರುವ ಬೇಕಾ ಕೂಡ ಹಾಗೇ. ಬಾಯಿಂದ ಬಾಯಿಗೆ ಬಂದ ಹಾಡಿದು. ಕನ್ನಡದ ಜನ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್", ಅಂದರೆ ಅದಕ್ಕೆಂದೇ ಓದದೆಯೂ ಕಾವ್ಯ ಬಲ್ಲವರು ಅಂತ 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿತ್ತು. ಇಂಥ ಹಾಡು ಕೇಳಿದಾಗ ಆ ಮಾತಿನ ತೂಕ ಗೊತ್ತಾಗುತ್ತದೆ. ರಂಗನಿಗೆ ನಾಕೇ ಎಮ್ಮೆ ಯಾಕೆ, ಐದು ಯಾಕಲ್ಲ? "ಐದೆಮ್ಮೆ" ಅಂತ ಒಮ್ಮೆ ಹಾಡಿ ನೋಡಿ.