ಎಲ್ಲ ವಿಷಯಕ್ಕೂ ಸ್ವಾಗತ ಎನ್ನುವ ಜರ್ನಲ್‌ನಲ್ಲಿ ನಿಮ್ಮ ಪೇಪರ್ ಓದುವವರು ಯಾರು?

ಥೀಸಿಸ್ ಸಲ್ಲಿಸುವ ಕಾಲ ಹತ್ತಿರ ಬಂತೆಂದರೆ ಲೈಬ್ರರಿಯಲ್ಲಿ ನನ್ನ ಟೇಬಲ್ ಮುಂದೆ ಒಂದೇ ಪ್ರಶ್ನೆ ಹಲವು ಬಾಯಿಂದ ಬರುತ್ತದೆ: "ಸರ್, ಈ ಜರ್ನಲ್ ಓಕೆನಾ?" ಕೈಯಲ್ಲಿ ಮೊಬೈಲು, ಅದರಲ್ಲಿ ಯಾವುದೋ ವಾಟ್ಸಾಪ್ ಗ್ರೂಪಿಗೆ ಬಂದ ಪೋಸ್ಟರು. ಒಂದು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ವಿಜ್ಞಾನ, ತಂತ್ರಜ್ಞಾನ, ವಾಣಿಜ್ಯ, ಕಾನೂನು, ಸಮಾಜಶಾಸ್ತ್ರ, ಯೋಗ, ಗೃಹವಿಜ್ಞಾನ, ಕನ್ನಡ, ಹಿಂದಿ, ಎಲ್ಲಕ್ಕೂ ಸ್ವಾಗತ. ಪೀರ್ ರಿವ್ಯೂಡ್, ಅಂದರೆ ಆಯಾ ವಿಷಯ ಬಲ್ಲವರು ಓದಿ ಒಪ್ಪಿದ್ದು. ಇಂಪ್ಯಾಕ್ಟ್ ಫ್ಯಾಕ್ಟರ್ 7.834. ಮೂರು ದಿನದಲ್ಲಿ ಪ್ರಕಟಣೆ. ಇ-ಸರ್ಟಿಫಿಕೇಟ್ ಉಚಿತ.

ಬಂದವರು ತೋರಿಸುವುದು ಇಂಪ್ಯಾಕ್ಟ್ ಫ್ಯಾಕ್ಟರನ್ನು, ಐಎಸ್‌ಎಸ್‌ಎನ್ ಎಂಬ ಗುರುತಿನ ನಂಬರನ್ನು. ನಾನು ಮೊದಲು ನೋಡುವುದು ವಿಷಯಗಳ ಆ ಉದ್ದ ಸಾಲನ್ನು. ಆಮೇಲೆ ಸಂಪಾದಕ ಮಂಡಳಿಯ ಪುಟ ತೆಗೆಯಿರಿ ಎನ್ನುತ್ತೇನೆ. ಅಲ್ಲಿ ಎಂಟು ಹತ್ತು ಹೆಸರು, ಅರ್ಧಕ್ಕರ್ಧ ಮ್ಯಾನೇಜ್‌ಮೆಂಟ್ ವಿಷಯದವರು. ಹಾಗಾದರೆ ನಿಮ್ಮ ಮಣ್ಣಿನ ರಸಾಯನ ಓದುವವರು ಯಾರು? ಪಕ್ಕದವರ ವಚನ ಸಾಹಿತ್ಯದ ಲೇಖನ ಓದುವವರು ಯಾರು? ಬಹಳ ಸಲ ಉತ್ತರ ಇಷ್ಟೇ: ಯಾರೂ ಇಲ್ಲ. ಪೇಪರ್ ಹೋಗಿದೆ, ಹಣ ಹೋಗಿದೆ, ಪಿಡಿಎಫ್ ಬಂದಿದೆ. ನಡುವೆ ಒಬ್ಬ ಮನುಷ್ಯ ಕೂತು ಓದಿಲ್ಲ.

ಓದುವುದೆಂದರೆ ಏನೆಂದು ತಿಳಿಯಲು ಒಂದು ಪೇಪರನ್ನು ಕಲ್ಪಿಸಿಕೊಳ್ಳೋಣ. ಪಾವಗಡದ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದ ಮೇಲೆ ಜನ ಯಾವ ನೀರು ಕುಡಿಯುತ್ತಿದ್ದಾರೆ. ನೀರಿನ ರಸಾಯನ ವಿಜ್ಞಾನಕ್ಕೆ ಸೇರಿದ್ದು, ಆರ್‌ಓ ಘಟಕ ತಂತ್ರಜ್ಞಾನಕ್ಕೆ, ಯಾರ ಮನೆಗೆ ಯಾವ ಕೊಡ ಬರುತ್ತದೆ ಎಂಬುದು ಸಮಾಜಕ್ಕೆ. ಹಲವು ಕ್ಷೇತ್ರ ಕೂಡುವ ಸಂಶೋಧನೆ ಎಂದರೆ ಇಂಥದ್ದೇ. ವಿದ್ಯಾರ್ಥಿ ಟೇಬಲ್ ಹಾಕುತ್ತಾನೆ, ದೇಶದ ಮಾನಕ ಸಂಸ್ಥೆ ಬಿಐಎಸ್ ಇಟ್ಟ ಮಾನದಂಡ ಬರೆಯುತ್ತಾನೆ: ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಇಷ್ಟು ಬೋರ್‌ವೆಲ್‌ಗಳು ಮಿತಿ ಮೀರಿವೆ ಎಂದು ಮುಗಿಸುತ್ತಾನೆ.

ಇದು ಅಂತರ್ಜಲ ಬಲ್ಲವರ ಕೈಗೆ ಹೋದರೆ ಪ್ರಶ್ನೆಗಳು ಬರುತ್ತವೆ. ಸ್ಯಾಂಪಲ್ ತೆಗೆದದ್ದು ಬೇಸಿಗೆಯಲ್ಲೋ ಮಳೆಗಾಲ ಕಳೆದ ಮೇಲೋ? ಬೋರ್ ಎಷ್ಟು ಅಡಿ ಆಳ? ಒಂದೇ ಊರಿನ ಎರಡು ಬೋರ್‌ಗಳಲ್ಲಿ ಇಷ್ಟು ವ್ಯತ್ಯಾಸ ಏಕೆ, ಕೆಳಗಿನ ಬಂಡೆ ಯಾವುದು? ನೀರು ತುಂಬಿದ್ದು ಪ್ಲಾಸ್ಟಿಕ್ ಬಾಟಲಿಗೋ ಗಾಜಿನದಕ್ಕೋ? (ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಹುದು, ಆದ್ದರಿಂದ ಪಾಲಿಥಿನ್ ಬಾಟಲಿ ಬಳಸುವುದು ರೂಢಿ. ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಪೇಪರಿನಲ್ಲಿ ಬರೆಯುವುದು ಮರೆತುಹೋಗುತ್ತದೆ.) ಅಳೆದದ್ದು ಎಲೆಕ್ಟ್ರೋಡ್‌ನಿಂದಲೋ ಬಣ್ಣದ ವಿಧಾನದಿಂದಲೋ?

ಅದೇ ಪೇಪರನ್ನು ಸಾರ್ವಜನಿಕ ಆರೋಗ್ಯದವರು ಓದಿದರೆ ಕೇಳುವುದೇ ಬೇರೆ. ಘಟಕ ಕೆಟ್ಟು ನಿಂತ ದಿನ ಜನ ಏನು ಕುಡಿಯುತ್ತಾರೆ? ಕುಡಿಯುವ ನೀರು ಘಟಕದ್ದಾದರೂ ಅಡುಗೆಗೆ ಬೋರ್ ನೀರೇ ಅಲ್ಲವೇ? ಆ ಪಾಲನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಕೂಲಿಗೆ ಹೋದವರು ಹೊಲದಲ್ಲಿ ಕುಡಿಯುವುದು ಯಾವ ನೀರು? ಮನೆಯಲ್ಲಿ ಮಾತಾಡಿಸಿದ್ದು ಗಂಡಸರನ್ನೋ, ನೀರು ತರುವ ಹೆಂಗಸರನ್ನೋ?

ಕೊನೆಯ ಆ ಪ್ರಶ್ನೆಯೊಂದೇ ಇಡೀ ಸರ್ವೆಯನ್ನು ಮತ್ತೆ ಮಾಡಿಸಬಲ್ಲದು. ವಿದ್ಯಾರ್ಥಿಗೆ ಸಿಟ್ಟು ಬರುತ್ತದೆ, ಗೈಡ್ ಗೊಣಗುತ್ತಾರೆ, ತಿಂಗಳುಗಟ್ಟಲೆ ಹೋಗುತ್ತದೆ. ಆದರೆ ತಿದ್ದಿ ಬಂದ ಪೇಪರನ್ನು ಜಿಲ್ಲಾ ಪಂಚಾಯಿತಿಯ ಎಂಜಿನಿಯರ್ ಕೈಗೆ ಕೊಡಬಹುದು. ಮೂರು ದಿನದ ಜರ್ನಲ್‌ನಿಂದ ಬರುವ ವಿಮರ್ಶೆ ನಾನು ಕಂಡಂತೆ ಸಾಮಾನ್ಯವಾಗಿ ಹೀಗಿರುತ್ತದೆ: "ವಿಷಯ ಚೆನ್ನಾಗಿದೆ. ವ್ಯಾಕರಣ ಸರಿಪಡಿಸಿ. ಸ್ವೀಕರಿಸಲಾಗಿದೆ." ಕೆಳಗೆ ಯುಪಿಐ ಕ್ಯೂಆರ್ ಕೋಡ್.

ಹಾಗಾಗಿ ಹಲವು ಕ್ಷೇತ್ರಗಳನ್ನು ಮುಟ್ಟುವ ಪೇಪರಿಗೆ ಹೆಚ್ಚು ಓದುಗರು ಬೇಕು. ಎಲ್ಲ ಕ್ಷೇತ್ರಗಳನ್ನೂ ಕರೆಯುವ ಜರ್ನಲ್‌ಗೆ ಅದಕ್ಕಿಂತ ದೊಡ್ಡ ಬಳಗ ಬೇಕು. ನೇಚರ್ 1869ರಿಂದ ಎಲ್ಲ ವಿಜ್ಞಾನಗಳನ್ನೂ ಪ್ರಕಟಿಸುತ್ತಿದೆ, ಅಲ್ಲಿ ಒಂದೊಂದು ಕ್ಷೇತ್ರಕ್ಕೆ ಪೂರ್ಣಾವಧಿ ಸಂಪಾದಕರಿದ್ದಾರೆ. 2006ರಲ್ಲಿ ಶುರುವಾದ ಪ್ಲಾಸ್ ಒನ್‌ಗೂ ವಿಷಯದ ಗಡಿಯಿಲ್ಲ, ಆದರೆ ಪೇಪರನ್ನು ನೋಡಿಕೊಳ್ಳುವ ಸಂಪಾದಕರು ಸಾವಿರಾರು ಮಂದಿ. ನಮ್ಮ ಬೆಂಗಳೂರಿನ ಕರೆಂಟ್ ಸೈನ್ಸ್ 1932ರಿಂದ ಇದೇ ಕೆಲಸ ಮಾಡುತ್ತಿದೆ. ಬಹುಶಿಸ್ತೀಯ ಎಂದ ತಕ್ಷಣ ಅನುಮಾನ ಪಡಬೇಕೆಂದು ನಾನು ಹೇಳುತ್ತಿಲ್ಲ. ವಿಷಯಗಳ ಪಟ್ಟಿ ಎಷ್ಟು ಉದ್ದವೋ ಓದುವವರ ಪಟ್ಟಿಯೂ ಅಷ್ಟು ಉದ್ದವಿದೆಯೇ ಎಂದು ನೋಡಿ, ಅಷ್ಟೇ.

ಓದದೆಯೇ ಒಪ್ಪಿಕೊಳ್ಳುವ ಜರ್ನಲ್‌ಗಳಿವೆ ಎಂಬುದನ್ನು ಒಬ್ಬರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ವಿಜ್ಞಾನ ಪತ್ರಕರ್ತ ಜಾನ್ ಬೊಹಾನನ್ ಒಂದು ಖೋಟಾ ಪೇಪರ್ ಹೊಸೆದರು. ಕಲ್ಲುಹೂವಿನಿಂದ ತೆಗೆದ ರಾಸಾಯನಿಕವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ವಾದ. ಬರೆದವರ ಹೆಸರು, ಸಂಸ್ಥೆ ಎಲ್ಲ ಕಟ್ಟುಕಥೆ. ಔಷಧದ ಪ್ರಮಾಣ ಹೆಚ್ಚಿದಂತೆ ಪರಿಣಾಮ ಹೆಚ್ಚುತ್ತದೆ ಎಂದು ಪೇಪರ್ ಹೇಳುತ್ತದೆ, ಅದರದೇ ಗ್ರಾಫ್ ಹಾಗೆ ತೋರಿಸುವುದಿಲ್ಲ. ಪಿಯುಸಿಯ ಲ್ಯಾಬ್ ರೆಕಾರ್ಡ್ ತಿದ್ದುವ ಮೇಷ್ಟ್ರೂ ಹಿಡಿಯಬಹುದಾದ ತಪ್ಪು. ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ 304 ಸಲ ಕಳಿಸಿದರು, 157 ಕಡೆ ಒಪ್ಪಿಗೆ ಸಿಕ್ಕಿತು. ಗುರಿಯಾದ ಜರ್ನಲ್‌ಗಳಲ್ಲಿ ಸುಮಾರು ಮೂರರಲ್ಲೊಂದು ಭಾರತದವು. ಪ್ಲಾಸ್ ಒನ್ ತಿರಸ್ಕರಿಸಿತು. ಒಪ್ಪಿದವರಲ್ಲಿ ದೊಡ್ಡ ಹೆಸರಿನ ಪ್ರಕಾಶಕರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಆ ಪ್ರಯೋಗಕ್ಕೆ ಟೀಕೆಗಳೂ ಬಂದವು: ಚಂದಾ ಪಡೆಯುವ ಜರ್ನಲ್‌ಗಳಿಗೂ ಕಳಿಸಿ ನೋಡಬೇಕಿತ್ತು ಎಂದು. ನನಗೂ ಆ ಟೀಕೆ ಸರಿಯೆನಿಸುತ್ತದೆ.

ಇನ್ನು ಐಎಸ್‌ಎಸ್‌ಎನ್. "ನಂಬರ್ ಇದೆಯಲ್ಲ ಸರ್" ಎನ್ನುವವರಿಗೆ ನಾನು ಹೇಳುವುದು, ಬೈಕಿನ ನಂಬರ್ ಪ್ಲೇಟ್ ನೋಡಿ ಸವಾರನಿಗೆ ಓಡಿಸಲು ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಅದು ಗುರುತಿನ ಸಂಖ್ಯೆ. ನಮ್ಮ ದೇಶದಲ್ಲಿ ದೆಹಲಿಯ ಸಿಎಸ್‌ಐಆರ್ ಸಂಸ್ಥೆಯೊಂದು ಅದನ್ನು ಉಚಿತವಾಗಿ ಕೊಡುತ್ತದೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವರು ಆ ಸಂಖ್ಯೆಯನ್ನೂ ಸುಳ್ಳಾಗಿ ಕಟ್ಟುತ್ತಾರೆ. ಕಟ್ಟಿದ್ದನ್ನು ಹಿಡಿಯಲು ಕ್ಯಾಲ್ಕುಲೇಟರ್ ಸಾಕು. ಕರೆಂಟ್ ಸೈನ್ಸ್‌ನ ಸಂಖ್ಯೆ 0011-3891. ಮೊದಲ ಏಳು ಅಂಕೆಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ: 0, 0, 6, 5, 12, 24, 18, ಒಟ್ಟು 65. ಹನ್ನೊಂದರಿಂದ ಭಾಗಿಸಿದರೆ ಶೇಷ 10. ಹನ್ನೊಂದರಲ್ಲಿ ಹತ್ತು ಕಳೆದರೆ 1. ಕೊನೆಯ ಅಂಕೆ ಅದೇ. ಕಳೆದಾಗ 10 ಬಂದರೆ ಅಲ್ಲಿ ಎಕ್ಸ್ ಇರುತ್ತದೆ, ಶೇಷವೇ ಇಲ್ಲದಿದ್ದರೆ ಸೊನ್ನೆ. ಲೆಕ್ಕ ಕೂಡದಿದ್ದರೆ ಆ ಜರ್ನಲ್ ಅಲ್ಲಿಗೇ ಬಿಡಿ. ಕೂಡಿದರೂ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ಹೆಸರು ಹೊಂದುತ್ತದೆಯೇ ನೋಡಿ. ಹಳೆಯ, ಒಳ್ಳೆಯ ಜರ್ನಲ್‌ನ ಹೆಸರು, ನಂಬರ್ ಎರಡನ್ನೂ ಕದ್ದು ಬೇರೆ ವೆಬ್‌ಸೈಟ್ ಕಟ್ಟಿ ಹಣ ವಸೂಲಿ ಮಾಡುವವರೂ ಇದ್ದಾರೆ.

ಇಂಪ್ಯಾಕ್ಟ್ ಫ್ಯಾಕ್ಟರಿನದು ಇನ್ನೂ ಸುಲಭ. ಹಿಂದಿನ ಎರಡು ವರ್ಷ ಪ್ರಕಟವಾದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿ ತೆಗೆಯುವ ಲೆಕ್ಕ ಅದು. ಹೋದ ವರ್ಷ ಹುಟ್ಟಿದ ಜರ್ನಲ್‌ಗೆ ಅದು ಎಲ್ಲಿಂದ ಬರಬೇಕು? ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರಕಟಿಸುವುದು ಕ್ಲಾರಿವೇಟ್ ಎಂಬ ಒಂದೇ ಕಂಪನಿ, 2023ರಿಂದ ಅವರು ದಶಮಾಂಶದ ನಂತರ ಒಂದೇ ಅಂಕೆ ಕೊಡುತ್ತಾರೆ. ಪೋಸ್ಟರಿನ 7.834 ಅಷ್ಟರಲ್ಲೇ ಸಿಕ್ಕಿಬೀಳುತ್ತದೆ. ಹಾಗೆಂದು ಅಸಲಿ ಸಂಖ್ಯೆಯನ್ನೂ ನಾನು ಪೂಜಿಸುವವನಲ್ಲ. ಗಣಿತದ ಅತ್ಯುತ್ತಮ ಜರ್ನಲ್‌ನ ಅಂಕ ವೈದ್ಯಕೀಯದ ಸಾಧಾರಣ ಜರ್ನಲ್‌ಗಿಂತ ಕಡಿಮೆ ಇರಬಹುದು.

ಹಣ ಕೇಳಿದರೆ ಮೋಸ ಎಂಬ ನಂಬಿಕೆ ಕೂಡ ಪೂರ್ತಿ ಸರಿಯಲ್ಲ. ಓಪನ್ ಆಕ್ಸೆಸ್‌ನಲ್ಲಿ ಓದುಗ ಚಂದಾ ಕೊಡುವುದಿಲ್ಲ, ಖರ್ಚು ಬೇರೆಡೆಯಿಂದ ಬರಬೇಕು. ನೇಚರ್ 2021ರಲ್ಲಿ ಓಪನ್ ಆಕ್ಸೆಸ್ ದಾರಿ ತೆರೆದಾಗ ಒಂದು ಪೇಪರಿಗೆ ಇಟ್ಟ ದರ 9,500 ಯೂರೊ. ನಮ್ಮ ವಿಶ್ವವಿದ್ಯಾಲಯಗಳ ಎಷ್ಟೋ ವಿದ್ಯಾರ್ಥಿಗಳು ಇಡೀ ವರ್ಷದ ಫೆಲೋಶಿಪ್ ಸೇರಿಸಿದರೂ ಅಷ್ಟಾಗದು. ಇತ್ತ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು, ತನ್ನ ಜರ್ನಲ್‌ಗಳಲ್ಲಿ ಲೇಖಕರಿಂದ ಪ್ರಕಟಣೆಗೆ ಶುಲ್ಕ ಕೇಳದೆ ನಡೆಸಿಕೊಂಡು ಬಂದಿದೆ. ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇರುವುದಿಲ್ಲ. "ಅಲ್ಲಿ ರಿಜೆಕ್ಟ್ ಮಾಡ್ತಾರೆ ಸರ್" ಎನ್ನುತ್ತಾರೆ. ಮಾಡಲಿ. ರಿಜೆಕ್ಟ್ ಆದ ಪೇಪರಿನ ಜೊತೆ ನಾಲ್ಕು ಕಾಮೆಂಟ್ ಪುಕ್ಕಟೆ ಸಿಗುತ್ತದೆ.

ಈ ಸಂತೆ ಇಷ್ಟು ಬೆಳೆದದ್ದಕ್ಕೆ ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಮಾಡಿತು. 2010ರಲ್ಲಿ ಎಪಿಐ ಬಂತು: ಮೇಷ್ಟ್ರುಗಳ ಬಡ್ತಿಗೆ ಪೇಪರಿಗಿಷ್ಟು ಅಂಕ. ಬೇಡಿಕೆ ಹುಟ್ಟಿಸಿದರು, ಅಂಗಡಿ ತೆರೆದುಕೊಂಡವು. 2017ರಲ್ಲಿ ಒಪ್ಪಿತ ಜರ್ನಲ್‌ಗಳ ಪಟ್ಟಿ ಬಂದಾಗ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ ಹೆಸರುಗಳೂ ಅದರೊಳಗೆ ಸೇರಿಕೊಂಡವು. ಮರುವರ್ಷ ಸಂಶೋಧಕ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಶಿಫಾರಸಿನ ಪಾಲಿನಿಂದ 1,009 ಜರ್ನಲ್‌ಗಳನ್ನು ಪರಿಶೀಲಿಸಿ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ಶೇಕಡಾ 88ಕ್ಕೂ ಹೆಚ್ಚು ಕಳಪೆ. 2018ರ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ಕಿತ್ತರು. ಆಮೇಲೆ ಅದರ ಜಾಗಕ್ಕೆ ಕೇರ್ ಎಂಬ ಹೊಸ ಪಟ್ಟಿ ಬಂತು. 2022ರ ನವೆಂಬರಿನ ನಿಯಮದಲ್ಲಿ ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಎಂಬುದನ್ನೇ ಯುಜಿಸಿ ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯೂ ಹೋಯಿತು. ಆದರೆ ವಿಶ್ವವಿದ್ಯಾಲಯಗಳ ಸ್ವಂತ ನಿಯಮಾವಳಿಯಲ್ಲಿ ಹಳೆಯ ಷರತ್ತು ಉಳಿದಿರಬಹುದು. ಪೋಸ್ಟರ್ ಹಿಡಿದು ಓಡುವ ಮೊದಲು ನಿಮ್ಮ ಪಿಎಚ್‌ಡಿ ಸೆಕ್ಷನ್‌ಗೆ ಹೋಗಿ, ಈಗ ಜಾರಿಯಲ್ಲಿರುವ ನಿಯಮ ಯಾವುದೆಂದು ಬರಹದಲ್ಲಿ ಕೇಳಿ. ಎಷ್ಟೋ ಜನ ಯಾವ ನಿಯಮವೂ ಕೇಳದ ಪೇಪರಿಗೆ ದುಡ್ಡು ಸುರಿಯುತ್ತಿದ್ದಾರೆ.

ಈಗಾಗಲೇ ಕಳಿಸಿಬಿಟ್ಟಿದ್ದರೆ? ಹಣ ಕಟ್ಟಿಲ್ಲದಿದ್ದರೆ ಕಟ್ಟಬೇಡಿ. ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಬೇಡಿ. ಪೇಪರ್ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಇಮೇಲ್ ಬರೆದು ಗೈಡ್‌ಗೆ ಪ್ರತಿ ಹಾಕಿ. ಹಿಂಪಡೆಯಲೂ ಶುಲ್ಕ ಕೊಡಿ ಎಂದು ಕೆಲವರು ಹೆದರಿಸುತ್ತಾರೆ, ಉತ್ತರಿಸದೆ ಆ ಇಮೇಲ್ ಜೋಪಾನವಾಗಿಡಿ. ಪ್ರಕಟವಾಗಿಯೇ ಹೋಗಿದ್ದರೆ ಕಷ್ಟ. ಅದೇ ಬರಹವನ್ನು ಒಳ್ಳೆಯ ಜರ್ನಲ್‌ಗೆ ಕಳಿಸಿದರೆ ಒಮ್ಮೆ ಪ್ರಕಟವಾದದ್ದು ಎಂದು ಅವರು ತಳ್ಳಿಹಾಕುತ್ತಾರೆ, ಅದು ಸರಿಯೂ ಹೌದು. ಮೂರು ವರ್ಷ ಹಳ್ಳಿ ಸುತ್ತಿ ತಂದ ದತ್ತಾಂಶ ಯಾರೂ ತೆರೆಯದ ಪುಟದಲ್ಲಿ ಕೂತುಬಿಡುತ್ತದೆ. ಕಳೆದುಕೊಂಡ ಸಾವಿರ, ಎರಡು ಸಾವಿರಕ್ಕಿಂತ ಅದು ದೊಡ್ಡ ನಷ್ಟ.

ಕನ್ನಡ, ಇತಿಹಾಸ, ಜಾನಪದದ ಸಂಶೋಧಕರ ಕಷ್ಟವೇ ಬೇರೆ. ವಿಜ್ಞಾನದವರಿಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜರ್ನಲ್ ಸೂಚಿಗಳ ಆಸರೆಯಾದರೂ ಇದೆ, ಕನ್ನಡದಲ್ಲಿ ಬರೆಯುವವರಿಗೆ ಅಲ್ಲಿರುವ ಜಾಗ ಇಲ್ಲವೆನ್ನುವಷ್ಟು ಕಡಿಮೆ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ಣಾಟಕ ಹೊರಡಿಸಿದಾಗ ಐಎಸ್‌ಎಸ್‌ಎನ್ ಎಂಬುದೇ ಇರಲಿಲ್ಲ, ಓದಿ ತಿದ್ದುವ ವಿದ್ವಾಂಸರಿದ್ದರು. ಈಗ ಶಾಸನದ ಪಾಠಾಂತರ ಚರ್ಚಿಸುವ ಲೇಖನವೊಂದು ಬ್ಯಾಂಕಿಂಗ್ ಮತ್ತು ಬಯೋಟೆಕ್ ಪೇಪರುಗಳ ನಡುವೆ, ಫಾಂಟ್ ಒಡೆದು ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಅಚ್ಚಾಗಿರುವುದನ್ನು ನಾನೇ ನೋಡಿದ್ದೇನೆ. ಅದನ್ನು ಪ್ರಕಟಿಸಿದವರು ಒಂದು ಸಲ ಕಣ್ಣಾಡಿಸಿದ್ದರೂ ಪುಟ ಹಾಗಿರುತ್ತಿರಲಿಲ್ಲ.

ಕೇರ್ ಪಟ್ಟಿ ಹೋದ ಮೇಲೆ ಯಾವ ಜರ್ನಲ್ ಸರಿ ಎಂದು ನಿರ್ಧರಿಸುವ ಹೊಣೆ ಸಂಸ್ಥೆಗಳ ಮೇಲೇ ಬಿದ್ದಿದೆ. ಇದನ್ನು ಕನ್ನಡ ವಿಭಾಗಗಳು ಬಳಸಿಕೊಳ್ಳಬೇಕು. ವಿಭಾಗದ ಸಮಿತಿ ಕೂತು, ನಿಜವಾಗಿ ಓದಿ ತಿದ್ದುವ ಕನ್ನಡ ಪತ್ರಿಕೆಗಳು ಯಾವುವು ಎಂದು ಹಿಂದಿನ ನಾಲ್ಕಾರು ಸಂಚಿಕೆ ತಿರುವಿ ನೋಡಿ ಪಟ್ಟಿ ಮಾಡಲಿ, ಠರಾವು ಬರೆದು ಅಕಾಡೆಮಿಕ್ ಕೌನ್ಸಿಲ್‌ಗೆ ಕಳಿಸಲಿ. ಹಳೆಯ ಸಂಚಿಕೆಗಳು ಲೈಬ್ರರಿಯ ಬೌಂಡ್ ವಾಲ್ಯೂಮ್ ವಿಭಾಗದಲ್ಲಿವೆ. ಹಿಂದಿನ ದಿನ ಹೇಳಿದರೆ ತೆಗೆಸಿ ಟೇಬಲ್ ಮೇಲೆ ಇಡಿಸುತ್ತೇನೆ.