ಲೀಟರ್ ಲೆಕ್ಕ ಟೈರಿನಲ್ಲೇ ಶುರು

ಡಾಂಬರು ರಸ್ತೆಯಲ್ಲಿ 100 ಕಿ.ಮೀ.ಗೆ 12 ಲೀಟರ್ ಡೀಸೆಲ್ ಕುಡಿಯುವ ಫೋರ್ ವೀಲ್ ಡ್ರೈವ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವಂಥದ್ದು), ಹೊರೆ ಹೊತ್ತು ಮೆದು ಮರಳಿಗಿಳಿದರೆ 18–20 ಲೀಟರ್ ಕೇಳುವುದು ಸಾಮಾನ್ಯ. ಟೈರಿನ ಗಾಳಿ ಇಳಿಸದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಇಂಧನದ ಲೆಕ್ಕವನ್ನು ಒಬ್ಬರಿಗೆ, ಸ್ಟೀರಿಂಗನ್ನು ಇನ್ನೊಬ್ಬರಿಗೆ ವಹಿಸಿ ನಿಶ್ಚಿಂತರಾಗುವಂತಿಲ್ಲ.

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯನ್ನೇ ನೋಡಿ. ಪಶ್ಚಿಮದ ಮೌಂಟ್ ಡೇರ್‌ನಿಂದ ಪೂರ್ವದ ಬರ್ಡ್ಸ್‌ವಿಲ್‌ಗೆ ಫ್ರೆಂಚ್ ಲೈನ್ ಎಂಬ ಮರಳು ಜಾಡು ಹಿಡಿದು ಹೋದರೆ 500 ಕಿ.ಮೀ. ಆಸುಪಾಸು, ನಡುವೆ ಎಲ್ಲೂ ಇಂಧನ ಸಿಗದು. ಸುತ್ತುದಾರಿ, ಮರಳು ದಿಣ್ಣೆ ಹತ್ತಲಾಗದೆ ಇಳಿದು ಮತ್ತೆ ಹತ್ತುವ ಪ್ರಯತ್ನ ಎಲ್ಲ ಸೇರಿಸಿ 550 ಎಂದಿಟ್ಟುಕೊಳ್ಳಿ. 20 ಲೀಟರ್ ದರದಲ್ಲಿ 110 ಲೀಟರ್; ಅದರ ಮೇಲೆ ಕಾಲು ಭಾಗ ಮೀಸಲು ಸೇರಿದರೆ 138. 80 ಲೀಟರಿನ ಟ್ಯಾಂಕು, 20 ಲೀಟರಿನ ಮೂರು ಜೆರಿ ಕ್ಯಾನು ಇದ್ದರೆ 140 ಆಯಿತಲ್ಲ ಎನಿಸುತ್ತದೆ. ಆಗಿಲ್ಲ. ಗಾಡಿ ದಿಣ್ಣೆಯಲ್ಲಿ ವಾಲಿದಾಗ ಟ್ಯಾಂಕಿನ ತಳದ ಐದಾರು ಲೀಟರ್ ಪಂಪಿಗೆ ಸಿಗದೆ ಅದು ಗಾಳಿ ಎಳೆಯುತ್ತದೆ. ಕ್ಯಾನನ್ನೂ ಕಂಠಮಟ್ಟ ತುಂಬುವಂತಿಲ್ಲ: ಮುಂಜಾನೆ 10 ಡಿಗ್ರಿಯಲ್ಲಿ ತುಂಬಿದ 20 ಲೀಟರ್ ಡೀಸೆಲ್ ಬಿಸಿಲಲ್ಲಿ 45 ಡಿಗ್ರಿಗೆ ಕಾದರೆ ಅರ್ಧ ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಟ್ಯಾಂಕಿನಲ್ಲಿ 74, ಮೂರು ಕ್ಯಾನಿನಲ್ಲಿ 57, ಕೈಗೆ ಸಿಗುವುದು 131 ಮಾತ್ರ. ನಾಲ್ಕನೇ ಕ್ಯಾನು ಬೇಕೇ ಬೇಕು.

ನಾಲ್ಕು ಕ್ಯಾನು ಎಂದರೆ ಹತ್ತಿರ ಹತ್ತಿರ 80 ಕಿಲೋ. ಅದನ್ನು ಚಾವಣಿಗೇರಿಸಿದರೆ ದಿಣ್ಣೆಯ ಓರೆಯಲ್ಲಿ ಗಾಡಿ ಮಗುಚಲು ದಾರಿ ಮಾಡಿಕೊಟ್ಟಂತೆ. ಹಿಂದಿನ ಆಕ್ಸಲಿಗಿಂತ ಮುಂದೆ, ಆದಷ್ಟು ತಗ್ಗಿನಲ್ಲಿ, ಅಲುಗದಂತೆ ಬಿಗಿದು ಕಟ್ಟಿ. ಗಡಗಡ ನಡುಗಿಸುವ ಜಲ್ಲಿ ದಾರಿಯಲ್ಲಿ ಬೋಲ್ಟಿನ ತಲೆಗೆ ಉಜ್ಜಿಯೇ ಪ್ಲಾಸ್ಟಿಕ್ ಕ್ಯಾನು ತೂತಾಗುತ್ತದೆ, ನಡುವೆ ರಬ್ಬರ್ ಹಾಳೆ ಇರಲಿ. ಪೆಟ್ರೋಲನ್ನಂತೂ ಜನ ಕೂರುವ ಜಾಗದಲ್ಲಿ ಇಡಲೇಬೇಡಿ. ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಜಾಲರಿಯಿರುವ ಆಲಿಕೆಯಿಂದ ಸುರಿದುಬಿಡಿ. ಕೊನೆಯ ಹನಿವರೆಗೆ ಕಾದರೆ ಡೀಸೆಲ್ ಗಾಡಿಯ ಪೈಪಿಗೆ ಗಾಳಿ ಸೇರುತ್ತದೆ, ಅದನ್ನು ತೆಗೆಯುವ ಕೆಲಸ ಮರಳಲ್ಲಿ ಕೂತು ಮಾಡುವಂಥದ್ದಲ್ಲ.

ಈಗ ಟೈರು. ಡಾಂಬರಿನಲ್ಲಿ 36–40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು ಮರಳಿನಲ್ಲಿ 18ಕ್ಕೆ ಇಳಿಸಿ. ಆಗಲೂ ತಿಣುಕಿದರೆ 15. ಗಾಳಿ ಇಳಿದಾಗ ಟೈರು ನೆಲಕ್ಕೆ ಉದ್ದವಾಗಿ ಒರಗಿ, ಭಾರ ಹರಡಿ, ಚಕ್ರ ಹೂಳುವುದು ತಪ್ಪುತ್ತದೆ. ಗಟ್ಟಿ ಟೈರು ಮರಳನ್ನು ಸೀಳುತ್ತಾ ಪ್ರತಿ ಮೀಟರಿಗೂ ತನ್ನ ಗುಂಡಿ ತಾನೇ ತೋಡಿಕೊಂಡು ಹತ್ತುತ್ತದೆ. ಡೀಸೆಲ್ ಸುಡುವುದು ಅಲ್ಲಿ. ದಿಣ್ಣೆಗಳ ಮುಖದಲ್ಲಿ ಕುಣಿಸುವ ಹಳ್ಳಗಳಿಗೆ ಇಂಥ ಗಟ್ಟಿ ಟೈರಿನವರೇ ಬಹುಮಟ್ಟಿಗೆ ಕಾರಣ, ಅನುಭವಿಸುವುದು ಹಿಂದೆ ಬಂದವರು. 12ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಗಾಳಿ ಇಳಿಸಿದ ಮೇಲೆ 40 ಕಿ.ಮೀ. ವೇಗ ಮೀರಬೇಡಿ. ಗಟ್ಟಿ ನೆಲ ಸಿಕ್ಕೊಡನೆ ಮತ್ತೆ ತುಂಬಿಸಿ, ಇಲ್ಲವಾದರೆ ಟೈರಿನ ಪಕ್ಕೆ ಬಿಸಿಯಾಗಿ ಹರಿಯುತ್ತದೆ. ಕಂಪ್ರೆಸರ್ ಇಲ್ಲದೆ ಹೊರಡುವ ಮಾತೇ ಇಲ್ಲ.

ಸಿಂಪ್ಸನ್ನಿನ ದಿಣ್ಣೆಗಳ ಪಶ್ಚಿಮ ಮುಖ ಸಣ್ಣ ಇಳಿಜಾರು, ಪೂರ್ವ ಮುಖ ಕಡಿದು. ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರಿಗೆ ಡೀಸೆಲೂ ಉಳಿಯುತ್ತದೆ, ಬೆವರೂ ಉಳಿಯುತ್ತದೆ. ಹತ್ತುವ ಮೊದಲೇ ಲೋ ರೇಂಜಿನ (ವೇಗ ಕಡಿಮೆ, ಎಳೆತ ಹೆಚ್ಚು ಕೊಡುವ ಗೇರುಗಳ) ಎರಡನೇ ಅಥವಾ ಮೂರನೇ ಗೇರಿಗೆ ಹಾಕಿ, ಓಟವನ್ನು ತಪ್ಪಲಿನಲ್ಲೇ ಗಳಿಸಿಕೊಳ್ಳಿ. ನಡುವೆ ಗೇರು ಬದಲಿಸಿದರೆ ಗಾಡಿ ನಿಂತೇಬಿಡುತ್ತದೆ. ನೆತ್ತಿ ಮುಟ್ಟುವಾಗ ಆಕ್ಸಿಲರೇಟರ್ ಸಡಿಲಿಸಿ, ಎದುರಿನಿಂದ ಬರುವ ಗಾಡಿ ಕಾಣದು. ಎತ್ತರದ ಕೋಲಿಗೆ ಕಟ್ಟಿದ ಬಾವುಟ ಇಲ್ಲಿ ಕಡ್ಡಾಯವಾಗಿರುವುದು ಇದಕ್ಕೇ. ಅರ್ಧದಲ್ಲಿ ನಿಂತರೆ ಚಕ್ರ ತಿರುಗಿಸುತ್ತಾ ಕೂರಬೇಡಿ. ಬಂದ ಜಾಡಿನಲ್ಲೇ ರಿವರ್ಸ್ ಗೇರಿನಲ್ಲಿ ನೇರವಾಗಿ ಇಳಿದು, ಇನ್ನೆರಡು ಪಿಎಸ್‌ಐ ಬಿಟ್ಟು, ಮತ್ತೆ ಹತ್ತಿ. ದಿಣ್ಣೆಯ ಮುಖದ ಮೇಲೆ ಗಾಡಿ ಅಡ್ಡ ತಿರುಗಿಸಿದಿರೋ, ಮಗುಚಿತು. ಹೂತರೆ ಸಲಿಕೆ, ಚಕ್ರದಡಿ ಇಡುವ ಮರಳು ಹಲಗೆ ಮೊದಲು. ಹಗ್ಗ ಕಟ್ಟಿ ಎಳೆಯುವುದಾದರೆ ಟೋ ಬಾಲಿಗೆ (ಟ್ರೇಲರ್ ಸಿಕ್ಕಿಸುವ ಹಿಂದಿನ ಗುಂಡಿಗೆ) ಕಟ್ಟಲೇಬಾರದು, ಅದು ಮುರಿದರೆ ಗುಂಡಿನಂತೆ ಹಾರುತ್ತದೆ.

ಒಣ ಸ್ಪಿನಿಫೆಕ್ಸ್ ಹುಲ್ಲು ಗಾಡಿಯಡಿ ಸೈಲೆನ್ಸರಿನ ಸುತ್ತ ಸಿಕ್ಕಿಕೊಂಡು ಹೊತ್ತಿಕೊಳ್ಳುತ್ತದೆ. ನಿಂತಾಗಲೆಲ್ಲ ಬಗ್ಗಿ ನೋಡಿ. ಅದರ ಬೀಜ ರೇಡಿಯೇಟರಿನ ಜಾಲಿಯನ್ನೂ ಮುಚ್ಚುತ್ತದೆ.

ಮೊದಲ 150 ಕಿ.ಮೀ. ಮುಗಿದಾಗ ನಿಂತು ಲೆಕ್ಕ ಹಾಕಿ. ದೂರವನ್ನು ಜಿಪಿಎಸ್‌ನಲ್ಲಿ ನೋಡಿ. ದೊಡ್ಡ ಟೈರು ಹಾಕಿಸಿದ ಗಾಡಿಯ ಮೀಟರ್ ಕಡಿಮೆ ತೋರಿಸುತ್ತದೆ. ನಾಲ್ಕು ಕ್ಯಾನು ಸೇರಿ 150 ಲೀಟರಿನಲ್ಲಿ ಆಗಲೇ 40 ಹೋಗಿದ್ದರೆ ಉಳಿದದ್ದು 110. ಇದೇ ದರದಲ್ಲಿ ಮುಂದಿನ 400 ಕಿ.ಮೀ.ಗೆ 107 ಬೇಕು. ಮೀಸಲು ಮೂರೇ ಲೀಟರ್! ಹಿಂದಿರುಗುವಾಗ ದಿಣ್ಣೆಗಳ ಕಡಿದಾದ ಮುಖ ಹತ್ತಬೇಕು, 40ಕ್ಕಿಂತ ಹೆಚ್ಚೇ ಬೇಕಾದೀತು; ಆದರೂ ಇರುವ 110 ಧಾರಾಳ ಸಾಕು. ಟೈರಿನ ಗಾಳಿ ಇನ್ನಷ್ಟು ಇಳಿಸಿ, 20 ಕಿ.ಮೀ. ಓಡಿಸಿ ನೋಡಿ, ದರ ಇಳಿಯದಿದ್ದರೆ ಗಾಡಿ ತಿರುಗಿಸಿ.