ಇಂಪೋರ್ಟ್ ಸಾಲಿನಲ್ಲೇ ಕಳೆದುಹೋಗುವ ಸೆಕೆಂಡುಗಳು

ರಾತ್ರಿ ಎಂಟಕ್ಕೆ ಬೆಂಗಳೂರಿನಲ್ಲಿ ಊಟದ ಆರ್ಡರ್‌ಗಳು ನುಗ್ಗುತ್ತವೆ, ಸರ್ವರ್ ಇನ್ನೆರಡು ಪಾಡ್ (ನಿಮ್ಮ ಪ್ರೋಗ್ರಾಂನ ಓಡುವ ಪ್ರತಿ) ಎಬ್ಬಿಸುತ್ತದೆ ಎಂದುಕೊಳ್ಳಿ. ಆ ಪಾಡ್ ಮೊದಲ ರಿಕ್ವೆಸ್ಟ್ ಮುಟ್ಟುವಷ್ಟರಲ್ಲಿ ಕೆಲವು ಸೆಕೆಂಡು ಬರೀ ಇಂಪೋರ್ಟ್‌ಗೇ ಹೋಗಿರುತ್ತದೆ. ಪೈಥಾನ್‌ನಲ್ಲಿ ಇಂಪೋರ್ಟ್ ಎಂದರೆ ಮಾಡ್ಯೂಲ್ ಎಂಬ ಕೋಡ್ ಫೈಲನ್ನು ಹುಡುಕಿ, ಮೇಲಿಂದ ಕೆಳಗೆ ಓಡಿಸುವುದು. ಒಂದು ಸಣ್ಣ ಫಂಕ್ಷನ್‌ಗೆಂದು ದತ್ತಾಂಶ ವಿಶ್ಲೇಷಣೆಯ ಪಾಂಡಾಸ್ ಲೈಬ್ರರಿ ಕರೆದರೆ, ಲೆಕ್ಕಾಚಾರದ ನಂಪೈ ಸಮೇತ ನೂರಾರು ಮಾಡ್ಯೂಲ್‌ಗಳ ದಿಬ್ಬಣವೇ ಬರುತ್ತದೆ.

ಪ್ರತಿ ಸಲ ಕಂಪೈಲ್ ಮಾಡುವುದು ಬೇಡವೆಂದೇ ಬೈಟ್‌ಕೋಡ್ (ಕಂಪೈಲ್ ಆದ ರೂಪ) ಉಳಿಸಿಡುವ ಏರ್ಪಾಡು ಹಿಂದಿನಿಂದಲೂ ಇದೆ, 2011ರ 3.2 ಆವೃತ್ತಿ ಅದಕ್ಕೆ ಪೈಕ್ಯಾಶ್ ಫೋಲ್ಡರ್ ಕೊಟ್ಟಿತು. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನು ಒಂದೇ ಇಮೇಜ್ ಆಗಿ ಕಟ್ಟಿ ಕಂಟೇನರ್ ಆಗಿ ಓಡಿಸುವ ಡಾಕರ್ ಬಂದ ಮೇಲೆ ಜನ ಎಡವುವುದು ಇಲ್ಲೇ. 'ಪೈಥಾನ್‌ಡೋಂಟ್‌ರೈಟ್‌ಬೈಟ್‌ಕೋಡ್' ಎಂಬ, ಬೈಟ್‌ಕೋಡ್ ಬರೆಯದಂತೆ ತಡೆಯುವ ವೇರಿಯಬಲ್ ಯಾರದೋ ಡಾಕರ್‌ಫೈಲ್‌ನಿಂದ ನಕಲಾಗಿ ಬಂದಿರುತ್ತದೆ. ಲೈಬ್ರರಿ ಹಾಕುವ ಸಾಧನಗಳಲ್ಲಿ ಪಿಪ್ ಇನ್‌ಸ್ಟಾಲ್ ಮಾಡುವಾಗಲೇ ಕಂಪೈಲ್ ಮಾಡುತ್ತದೆ, ಯುವಿ ಹೇಳದೆ ಮಾಡುವುದಿಲ್ಲ. ಎರಡೂ ಕೂಡಿದರೆ ಕಂಟೇನರ್ ಎದ್ದಾಗಲೆಲ್ಲ ಇಂಪೋರ್ಟ್ ಆದದ್ದೆಲ್ಲ ಹೊಸದಾಗಿ ಕಂಪೈಲ್! ಯುವಿಗೆ ಕಂಪೈಲ್-ಬೈಟ್‌ಕೋಡ್ ಆಯ್ಕೆ ಕೊಡಿ. ನಿಮ್ಮ ಸ್ವಂತ ಕೋಡ್ ಮೇಲೆ ಇಮೇಜ್ ಕಟ್ಟುವಾಗಲೇ ಎಲ್ಲ ಫೈಲ್‌ಗಳನ್ನೂ ಕಂಪೈಲ್ ಮಾಡುವ ಕಂಪೈಲ್‌ಆಲ್ ಓಡಿಸಿ.

ಹೊತ್ತು ಎಲ್ಲಿ ಹೋಗುತ್ತಿದೆ ಎಂದು ತೋರಿಸುವ '-ಎಕ್ಸ್ ಇಂಪೋರ್ಟ್‌ಟೈಮ್' ಎಂಬ ಪೈಥಾನ್ ಆಯ್ಕೆ ಬಂದದ್ದು 2018ರಲ್ಲಿ, 3.7ರ ಜೊತೆ. ಪ್ರತಿ ಮಾಡ್ಯೂಲ್‌ಗೂ ಎರಡು ಅಂಕಿ, ಮೈಕ್ರೊಸೆಕೆಂಡ್ ಲೆಕ್ಕದಲ್ಲಿ: ತನ್ನ ಖರ್ಚು, ತಾನು ಎಳೆದುತಂದವನ್ನೂ ಸೇರಿಸಿದ ಒಟ್ಟು. ಕರೆಸಿಕೊಂಡವು ಮೊದಲು, ಕರೆದದ್ದು ಆಮೇಲೆ ಅಚ್ಚಾಗುವುದರಿಂದ ಕೆಳಗಿನಿಂದ ಮೇಲಕ್ಕೆ ಓದಿ. ಒಟ್ಟು 8,20,000, ಸ್ವಂತದ್ದು 900 ಎಂದಿದ್ದರೆ ಕಳ್ಳ ಮೇಲಿನ ಸಾಲುಗಳಲ್ಲಿದ್ದಾನೆ. ಎರಡು ಸಲ ಓಡಿಸಿ. ಮೊದಲ ಸಲದ ಅಂಕಿಯಲ್ಲಿ ಡಿಸ್ಕ್ ಓದಿದ ಹೊತ್ತೂ ಸೇರಿರುತ್ತದೆ.

ಭಾರದ ಇಂಪೋರ್ಟನ್ನು ಫಂಕ್ಷನ್ ಒಳಗೆ ಸರಿಸುವುದು ಹಳೆಯ ಉಪಾಯ, ಶೈಲಿ ನಿಯಮದ ಪೆಪ್ 8 (ಪೆಪ್ ಎಂದರೆ ಪೈಥಾನ್ ಸುಧಾರಣೆಯ ಪ್ರಸ್ತಾವ) ಮೇಲ್ಗಡೆಯೇ ಬರೆಯಿರಿ ಎಂದರೂ. ಆದರೆ ಲೈಬ್ರರಿ ಇಲ್ಲದಿದ್ದರೆ ಡಿಪ್ಲಾಯ್ ವೇಳೆ ಗೊತ್ತಾಗಬೇಕಾದದ್ದು ಗ್ರಾಹಕರ ಎದುರು ಬಯಲಾಗುತ್ತದೆ. ವೆಬ್ ಚೌಕಟ್ಟಾದ ಜ್ಯಾಂಗೊದ ಮಾಡೆಲ್, ಹಿನ್ನೆಲೆ ಕೆಲಸ ಮಾಡಿಸುವ ಸೆಲೆರಿಯ ಟಾಸ್ಕ್‌ಗಳನ್ನು ಮಾತ್ರ ಸರಿಸಬೇಡಿ; ಇಂಪೋರ್ಟ್ ಆದಾಗಲೇ ಅವು ನೋಂದಣಿಯಾಗುವುದು. ವೆಬ್ ಸರ್ವರ್ ಗನಿಕಾರ್ನ್‌ನ ಪ್ರೀಲೋಡ್ ಆಯ್ಕೆ ಒಂದೇ ಸಲ ಲೋಡ್ ಮಾಡಿ ವರ್ಕರ್‌ಗಳಿಗೆ ಹಂಚುತ್ತದೆ, ಸರಿ. ಆದರೆ ಇಂಪೋರ್ಟ್ ಸಮಯದಲ್ಲೇ ತೆರೆದ ಡೇಟಾಬೇಸ್ ಕನೆಕ್ಷನ್ನೂ ಹಂಚಿಹೋಗಿ ಉತ್ತರಗಳು ಕಲಸಿಹೋಗುತ್ತವೆ.

ಭಾಷೆಯಲ್ಲೇ ಪರಿಹಾರ ಕೇಳಿದ್ದು 2022ರ ಪೆಪ್ 690. ಒಂದು ಸ್ವಿಚ್ ಒತ್ತಿದರೆ ಎಲ್ಲ ಇಂಪೋರ್ಟ್‌ಗಳೂ ಸೋಮಾರಿ, ಅಂದರೆ ಬಳಸುವವರೆಗೂ ಲೋಡ್ ಆಗವು. ಲೈಬ್ರರಿ ಬರೆಯುವವರು ಎರಡೂ ಬಗೆಯಲ್ಲಿ ಪರೀಕ್ಷಿಸಬೇಕಾಗಿ ಸಮುದಾಯವೇ ಒಡೆದೀತು ಎಂದು ಪೈಥಾನ್‌ನ ತೀರ್ಮಾನ ಕೈಗೊಳ್ಳುವ ಸ್ಟೀರಿಂಗ್ ಕೌನ್ಸಿಲ್ ಅದೇ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಸರಿಯಾದ ತೀರ್ಮಾನವೇ. ಬೇಕಾದ ಸಾಲಿಗಷ್ಟೇ 'ಲೇಜಿ' ಪದ ಹಚ್ಚುವ ಪೆಪ್ 810ಕ್ಕೆ 2025ರ ನವೆಂಬರ್‌ನಲ್ಲಿ, 3.15 ಆವೃತ್ತಿಗೆಂದು, ಒಪ್ಪಿಗೆ ಸಿಕ್ಕಿತು. ಫಂಕ್ಷನ್, ಕ್ಲಾಸ್, ಟ್ರೈ ಬ್ಲಾಕ್‌ಗಳೊಳಗೆ ಅದನ್ನು ಬರೆಯುವಂತಿಲ್ಲ. ಖರ್ಚು ಮಾಯವಾಗುವುದೂ ಇಲ್ಲ, ಮೊದಲ ಬಳಕೆಗೆ ಮುಂದೆ ಹೋಗುತ್ತದೆ ಅಷ್ಟೆ. ಪ್ರತಿ ರಿಕ್ವೆಸ್ಟ್‌ಗೂ ಬೇಕಾದ ಮಾಡ್ಯೂಲನ್ನು ಪಾಡ್ 'ರೆಡಿ' ಎನ್ನುವ ಮೊದಲೇ ಒಮ್ಮೆ ಮುಟ್ಟಿಡಿ.